ಏಳನೇ ಸೇತುವೆಯ ಕೊಂಬೆ

ಜನವರಿ ಇಪ್ಪತ್ಮೂರು, ಗುರುವಾರ. ಬೆಳಿಗ್ಗೆ ಹತ್ತೂಕಾಲಕ್ಕೆ ಓಸ್ಟರ್‌ಮೊಂಡ ಪೊಲೀಸ್ ಠಾಣೆಯ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಸ್ಕೇಟಿಂಗ್ ಸಂಘದ ಕಾರ್ಯದರ್ಶಿ ಡೆರ್ಕ್ ಮೆಡೆಮಾ ಒಳಗೆ ನುಗ್ಗಿದ. ಕಾಲಿನ ಸ್ಕೇಟ್ ಬಿಚ್ಚುವ ವ್ಯವಧಾನವೂ ಅವನಿಗಿರಲಿಲ್ಲ. ಅಲಗುಗಳಿಗೆ ಪ್ಲಾಸ್ಟಿಕ್ ಕವಚ ಹಾಕಿಕೊಂಡು ಟಕಟಕ ಸದ್ದು ಮಾಡುತ್ತ ಬಂದು ಮೇಜಿನ ಮುಂದೆ ನಿಂತ.

"ಇದು ಅಪಘಾತ ಅಲ್ಲ ಮೇಡಂ. ಬರ್ಕೊಳ್ಳಿ. ಯಾರೋ ಬೇಕೂಂತ ಮಾಡಿರೋದು."

ಇನ್ಸ್‌ಪೆಕ್ಟರ್ ಫ್ರೌಕೆ ದಾಲಿಂಗ ಪೆನ್ನು ಕೈಗೆತ್ತಿಕೊಂಡಳು. ಬೆಳಗಿನ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಎಂಟು ಗಂಟೆಗೆ ಗಡ್ಡೆ ಗಟ್ಟಿಯಿದೆಯೇ ನೋಡಿ ಸ್ಕೇಟಿಂಗಿಗೆ ಅಪ್ಪಣೆ ಕೊಡುವ ಊರಿನ ಮಂಜಿನ ಮೇಸ್ತ್ರಿ ಎಪ್ಪೊ ವಿರ್ಟ್ಸೆಮ ಕಾಲುವೆಯ ಏಳನೇ ಸೇತುವೆಯ ಕೆಳಗೆ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದಿದ್ದ. ನಾಯಿ ಅಡ್ಡಾಡಿಸಲು ಬಂದ ಇಬ್ಬರು ಏಣಿ ಹಾಸಿ ಎಳೆದು ತೆಗೆಯುವಷ್ಟರಲ್ಲಿ ಮೈ ನೀಲಿಗಟ್ಟಿತ್ತು. ಆಸ್ಪತ್ರೆಯಲ್ಲಿ ಇನ್ನೂ ಪ್ರಜ್ಞೆ ಬಂದಿರಲಿಲ್ಲ.

"ಬೇಕೂಂತ ಅಂದ್ರೆ?"

"ಕೆಳಗಿನ ಬಾಗಿಲುಕಟ್ಟೆ ತೂಬು ಯಾರೋ ನಿನ್ನೆ ರಾತ್ರಿ ಎತ್ತಿ, ಆಮೇಲೆ ಮುಚ್ಚಿದ್ದಾರೆ. ಡೀಪ್ ಕಾಲುವೆ ನೀರು ಗೇಣುದ್ದ ಇಳಿದಿದೆ. ಬೇರೆ ಕಡೆ ಗಡ್ಡೆನೂ ನೀರಿನ ಜೊತೆ ಕೆಳಗೆ ಕೂತಿದೆ. ಏಳನೇ ಸೇತುವೆ ಕಿರಿದಲ್ವಾ? ಎರಡೂ ಕಡೆ ಕಲ್ಲುಗೋಡೆ ಗಡ್ಡೆನ ಕಚ್ಚಿ ಹಿಡ್ಕೊಂಡಿದೆ. ಮೇಲೆ ಗಡ್ಡೆ, ಕೆಳಗೆ ಬರೀ ಗಾಳಿ. ಪೊಳ್ಳು ಮೇಡಂ, ಪೊಳ್ಳು!"

"ತೂಬಿಗೆ ಬೀಗ ಇಲ್ವಾ?"

"ಇದೆ. ಒಡೆದಿಲ್ಲ. ಕೀಲಿಕೈ ಇರೋದು ನಾಲ್ಕು ಜನದ ಹತ್ರ. ನಾನು, ಎಪ್ಪೊ, ಹಳೇ ಕಟ್ಟೆ ಕಾವಲಿನ ರೂಲ್ಫ್ ಮಾವ, ಆಮೇಲೆ ಲುಬ್ಬರ್ಟ್." ಕೊನೆಯ ಹೆಸರನ್ನು ಅವನು ಉಗುಳಿದ ಹಾಗೆ ಹೇಳಿದ. "ಲುಬ್ಬರ್ಟನನ್ನ ಈಗಲೇ ಎತ್ತಾಕ್ಕೊಂಡು ಬನ್ನಿ. ಮೂವತ್ತು ವರ್ಷ ಮೇಸ್ತ್ರಿ ಆಗಿದ್ದ. ಹೋದ ವರ್ಷ ಪಟ್ಟ ಎಪ್ಪೊಗೆ ಹೋಯ್ತು. ಅವತ್ತಿಂದ ಎಪ್ಪೊನ ಕಂಡ್ರೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಆಡ್ತಾನೆ."

ಕಾಲುವೆಯನ್ನು ಊರವರು ಕರೆಯುವುದೇ ಡೀಪ್ ಎಂದು. ಹದಿಮೂರು ಚಳಿಗಾಲ ಅದರ ಮೇಲೆ ಒಬ್ಬ ಮನುಷ್ಯನನ್ನು ಹೊರುವಷ್ಟು ಗಡ್ಡೆ ಕಟ್ಟಿರಲಿಲ್ಲ. ಈ ಸಲ ಕಟ್ಟಿತ್ತು. ಶುಕ್ರವಾರ ಊರೆಲ್ಲ ಸ್ಕೇಟ್ ಹಾಕಿ ಹೊರಡುವ ಹನ್ನೆರಡು ಸೇತುವೆ ಸವಾರಿ ಎಂದು ಸಾರಿ, ಬಟಾಣಿ ಸಾರಿಗೆ ದೊಡ್ಡ ಹಂಡೆಗಳನ್ನೂ ತೊಳೆದಿಟ್ಟಿದ್ದರು. ಈಗ ಸವಾರಿಯೂ ನಿಂತಿತು, ಮೇಸ್ತ್ರಿಯೂ ಸಾಯುವ ಸ್ಥಿತಿಯಲ್ಲಿದ್ದ.

ಹತ್ತೂಮುಕ್ಕಾಲಕ್ಕೆ ಎಫ್‌ಐಆರ್ ದಾಖಲಾಯಿತು. ಪ್ರಾಣಕ್ಕೆ ಅಪಾಯವಾಗುವಂತೆ ನೀರಿನ ಕಟ್ಟೆಗೆ ಕೈಹಾಕಿದ ಅಪರಾಧ. ಆರೋಪಿ ಅಪರಿಚಿತ. ಎಪ್ಪೊ ಸತ್ತರೆ ಕಲಮು ಬದಲಾಗುತ್ತದೆ ಎಂದು ಅಂಚಿನಲ್ಲಿ ಗುರುತು ಹಾಕಿಕೊಂಡಳು ಫ್ರೌಕೆ.

"ಶನಿವಾರ ಮಳೆ ಅಂತೆ ಮೇಡಂ," ಎಂದ ಸಬ್ ಇನ್ಸ್‌ಪೆಕ್ಟರ್ ಐಲ್ಕೊ, ಜೀಪಿನ ಕೀಲಿ ಹಿಡಿದು. "ನಮ್ಮ ಸಾಕ್ಷ್ಯ ಎಲ್ಲ ಕರಗಿ ಹೋಗುತ್ತೆ. ಪಂಚನಾಮೆ ಈಗಲೇ ಮುಗಿಸೋದು ವಾಸಿ."

"ನನಗೂ ತಲೆ ಇದೆ," ಎಂದಳು ಫ್ರೌಕೆ.

ಮಾತು ಬೇಕಾಗಿದ್ದಕ್ಕಿಂತ ಬಿಸಿಯಾಗಿತ್ತು, ಅದು ಅವಳಿಗೂ ಗೊತ್ತಿತ್ತು. ನಗರದ ಅಪರಾಧ ವಿಭಾಗದಲ್ಲಿ ಒಂದು ಹುದ್ದೆ ಖಾಲಿಯಾಗಿತ್ತು. ಫ್ರೌಕೆ ಮೂರನೇ ಸಲ ಅರ್ಜಿ ಹಾಕಿದ್ದಳು. ಸೋಮವಾರ ಆದೇಶ ಬಂದದ್ದು ಮೂವತ್ತೊಂದರ ಐಲ್ಕೊಗೆ. ಇಡೀ ಠಾಣೆ ಕೇಕು ಕತ್ತರಿಸಿ ಅವನ ಬೆನ್ನು ತಟ್ಟಿತ್ತು. ಫ್ರೌಕೆ ಕೇಕು ತಿಂದಿದ್ದಳು, ಅಭಿನಂದನೆ ಮಾತ್ರ ಹೇಳಿರಲಿಲ್ಲ. ಹುಡುಗ ಒಳ್ಳೆಯವನೇ, ಅದೇ ಅವಳಿಗೆ ಹೆಚ್ಚು ಉರಿ.

ಏಳನೇ ಸೇತುವೆಯ ಬಳಿ ದಂಡೆಯ ಎರಡೂ ಕಡೆ ಜನ. ಇಬ್ಬರು ಪಂಚರನ್ನು ಗೊತ್ತುಮಾಡಿ, ಏಣಿ ಹಾಸಿ, ಅದರ ಮೇಲೆ ಐಲ್ಕೊ ಹೊಟ್ಟೆಯ ಮೇಲೆ ತೆವಳಿದ. ಕೊರೆಯುವ ಸಲಾಕೆ ಇಳಿಸಿದ. ಮೇಲಿನ ಗಡ್ಡೆ ಹನ್ನೊಂದು ಸೆಂಟಿಮೀಟರ್. ಕೆಳಗೆ ಗೇಣುದ್ದ ಖಾಲಿ. ಅದರ ಕೆಳಗೆ ಇಳಿದ ನೀರಿನ ಮೇಲೆ ತೆಳ್ಳಗೆ ಇನ್ನೊಂದು ಗಡ್ಡೆ, ಹಾಲಿನ ಕೆನೆಯ ಹಾಗೆ. ಐಲ್ಕೊ ಆ ಕೆನೆಯ ಒಂದು ಚೂರನ್ನು ಮುರಿದು ಮೇಲೆತ್ತಿ ಅಳೆದ.

"ಒಂದೂವರೆ ಸೆಂಟಿಮೀಟರ್ ಮೇಡಂ. ಮೇಲೆ ಹೊದಿಕೆ ಇದ್ದಾಗ ಇಷ್ಟು ಕಟ್ಟೋಕೆ ಇಂಥ ಚಳಿಗೂ ಅರ್ಧ ರಾತ್ರಿ ಬೇಕು. ಅಂದ್ರೆ ಹನ್ನೆರಡಕ್ಕಾಗಲೇ ನೀರು ಇಳಿದಿತ್ತು. ಕಟ್ಟೆಯ ಎರಡೂ ತೂಬು ಎತ್ತಿದ್ರೂ ಇಷ್ಟು ನೀರು ಇಳಿಯೋಕೆ ನಾಲ್ಕು ಗಂಟೆ. ಎಂಟರ ಹೊತ್ತಿಗೆ ತೆರೆದಿದ್ದಾರೆ."

ಲೆಕ್ಕ ಸರಿಯಾಗಿತ್ತು. ಅವಳೂ ಮನಸ್ಸಿನಲ್ಲಿ ಅದನ್ನೇ ಮಾಡುತ್ತಿದ್ದಳು, ಅವನು ಒಂದು ಗಳಿಗೆ ಮೊದಲು ಮುಗಿಸಿದ, ಅಷ್ಟೇ. "ಬರ್ಕೊ," ಎಂದಳು ಚುಟುಕಾಗಿ.

ಗಡ್ಡೆ ಒಡೆದ ಬಾಯಿಯಲ್ಲಿ ಒಂದು ಕೊಂಬೆ ತೇಲುತ್ತಿತ್ತು. ತೋಳುದ್ದದ್ದು, ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದು. ತುದಿಯಲ್ಲಿ ಒಂದು ಹಿಡಿ ಹುಲ್ಲನ್ನು ಕೆಂಪು ಉಣ್ಣೆಯ ದಾರದಿಂದ ಬಿಗಿದು ಕಟ್ಟಿದ್ದರು. ಗಡ್ಡೆ ಕೆಟ್ಟಿದೆ, ಇತ್ತ ಬರಬೇಡಿ ಎಂದು ಹೇಳುವ ಗುರುತು ಅದು. ಡೀಪಿನ ಮೇಲೆ ಕಾಲಿಡುವ ಪ್ರತಿ ಮಗುವಿಗೂ ಅಕ್ಷರಕ್ಕಿಂತ ಮೊದಲು ಅದನ್ನು ಕಲಿಸುತ್ತಾರೆ.

"ಇದನ್ನ ನೆಟ್ಟಿದ್ದು ಯಾರು?"

"ಇನ್ಯಾರು ಮೇಡಂ, ಎಪ್ಪೊ," ಎಂದ ಜೊತೆಗೆ ಬಂದಿದ್ದ ಡೆರ್ಕ್. "ಕೊಂಬೆ ನೆಡೋದು ಮೇಸ್ತ್ರಿ ಹಕ್ಕು. ಬೇರೆಯವರು ಮುಟ್ಟೋ ಹಾಗಿಲ್ಲ. ನನ್ನಪ್ಪ ಒಂದು ಸಲ ನೆಟ್ಟಿದ್ದಕ್ಕೆ ಎರಡು ವರ್ಷ ಸಂಘದಿಂದ ಹೊರಗೆ ಹಾಕಿದ್ರು."

ಕೊಂಬೆಯನ್ನು ಮುದ್ದೆಮಾಲೆಂದು ಚೀಟಿ ಅಂಟಿಸಿ ಚೀಲಕ್ಕೆ ಹಾಕಿದರು. ಒಂದು ಗಂಟೆಗೆ ಪಂಚನಾಮೆ ಮುಗಿಯಿತು.

ಲುಬ್ಬರ್ಟ್ ಮನೆಯ ಅಡುಗೆಕೋಣೆಯಲ್ಲಿ ಸಾಸೇಜು ತುಂಡು ಮಾಡುತ್ತ ಕೂತಿದ್ದ. ಎಪ್ಪತ್ತೆರಡು ವರ್ಷ, ಕೆಂಪು ಮೂಗು. ಪೊಲೀಸರನ್ನು ಕಂಡು ಏಳಲಿಲ್ಲ.

"ಬನ್ನಿ. ಇಷ್ಟು ತಡ ಆಯ್ತಾ? ಡೆರ್ಕ್ ಒಂಬತ್ತಕ್ಕೇ ನನ್ನ ಹೆಸರು ಹೇಳಿರ್ತಾನೆ ಅಂದ್ಕೊಂಡಿದ್ದೆ."

"ಎಪ್ಪೊ ಮೇಲೆ ಹೊಟ್ಟೆಕಿಚ್ಚು ಇದ್ಯಾ?"

"ಇದ್ಯಾ ಅಂತೀರಲ್ಲ! ಬೆಳಿಗ್ಗೆ ಎದ್ರೆ ಕಾಫಿಗಿಂತ ಮುಂಚೆ ಅದೇ ಬರುತ್ತೆ. ಹದಿಮೂರು ವರ್ಷ ಕರಗಿದ ನೀರು ನೋಡ್ಕೊಂಡು ನಾನು ಮೇಸ್ತ್ರಿ ಆಗಿದ್ದೆ. ಪಟ್ಟ ಬಿಟ್ಟ ಮೊದಲನೇ ಚಳಿಗೇ ಗಡ್ಡೆ! ದೇವರಿಗೂ ನನ್ನ ಮೇಲೆ ಹಗೆ."

"ನಿನ್ನೆ ಎಂಟರಿಂದ ಹನ್ನೆರಡು, ಎಲ್ಲಿದ್ರಿ?"

"ಕೆಫೆಯಲ್ಲಿ, ಸವಾರಿ ಸಭೆ. ಎಪ್ಪೊ ಬಾಯಿ ತೆರೆದಾಗೆಲ್ಲ ನಾನು ಎದ್ದು ತಪ್ಪು ಹಿಡೀತಿದ್ದೆ. ಎಂಬತ್ತು ಜನ ನನ್ನನ್ನ ಕೂತ್ಕೊಳೋ ಅಂತ ಬೈದಿದ್ದಾರೆ. ಇದಕ್ಕಿಂತ ಸಾಕ್ಷಿ ಬೇಕಾ?"

ಐಲ್ಕೊ ನಗು ತಡೆದುಕೊಂಡ.

"ಕೀಲಿಕೈ ಇರೋ ಉಳಿದವರು?"

"ಡೆರ್ಕ್ ಇದ್ದ. ಎಪ್ಪೊ ಇದ್ದ. ರೂಲ್ಫ್ ಕೂಡ ಮುಂದಿನ ಸಾಲಲ್ಲೇ ಕೂತಿದ್ದ, ಕೋಟು ಹಾಕ್ಕೊಂಡು." ಲುಬ್ಬರ್ಟ್ ಚಾಕು ಕೆಳಗಿಟ್ಟ. "ನಾನೊಂದು ಕೇಳ್ಲಾ? ಆ ಕೊಂಬೆ ಎಪ್ಪೊನೇ ನೆಟ್ಟಿದ್ದು ಅಂತಿದಾರೆ. ಎಪ್ಪೊ ಹೆಡ್ಡ, ಒಪ್ತೀನಿ. ಆದ್ರೆ ತಾನು ನೆಟ್ಟ ಕೊಂಬೆ ದಾಟಿ ತಾನೇ ಹೋಗಿ ಬೀಳೋವಷ್ಟು ಹೆಡ್ಡನಾ?"

ಅದನ್ನೇ ಯೋಚಿಸುತ್ತ ಫ್ರೌಕೆ ಆಸ್ಪತ್ರೆಗೆ ಹೊರಟಳು.

ಸಂಜೆ ಐದಕ್ಕೆ ಎಪ್ಪೊಗೆ ಪ್ರಜ್ಞೆ ಬಂತು. ಐದು ನಿಮಿಷಕ್ಕಿಂತ ಹೆಚ್ಚು ಮಾತಾಡಿಸಬೇಡಿ, ಶ್ವಾಸಕೋಶದ ಸ್ಥಿತಿ ನಾಳೆಯವರೆಗೆ ಹೇಳಲಾಗದು ಎಂದರು ವೈದ್ಯರು. ಅರವತ್ತೆಂಟರ ಎತ್ತರದ ಗಂಡಸು, ಹೊದಿಕೆಗಳ ಕೆಳಗೆ ಮಗುವಿನ ಹಾಗೆ ಕಾಣುತ್ತಿದ್ದ.

"ಕೊಂಬೆ ನೀವು ನೆಟ್ಟಿದ್ದಾ?"

"ಅಲ್ಲ." ಧ್ವನಿ ಬಿರುಕು ಬಿಟ್ಟಿತ್ತು. "ಸೇತುವೆ ಮೇಲಿಂದ ಕಂಡೆ. ನನ್ನ ಗಡ್ಡೆ ಮೇಲೆ ಯಾರೋ ಕೊಂಬೆ! ನನ್ನನ್ನ ಕೇಳ್ದೆ! ಲುಬ್ಬರ್ಟನ ಕುಹಕ ಅಂದ್ಕೊಂಡೆ. ರೇಗಿ ಹೋಯ್ತು. ಕಿತ್ತು ಅವನ ಮನೆ ಬಾಗಿಲಿಗೆ ಎಸೀತೀನಿ ಅಂತ ನೆಟ್ಟಗೆ ಅದರ ಹತ್ರಾನೇ ಹೋದೆ."

"ಅಪಾಯ ಇರಬಹುದು ಅಂತ ಅನ್ನಿಸಲಿಲ್ವಾ?"

"ನಾನು ಮೇಸ್ತ್ರಿ ಅಲ್ವಾ ಮೇಡಂ?" ಎಂದು ಎಪ್ಪೊ ಕಣ್ಣು ಮುಚ್ಚಿದ.

ಹೊರಗೆ ಬಂದ ಮೇಲೆ ಫ್ರೌಕೆ, ಐಲ್ಕೊ ಇಬ್ಬರೂ ಜೀಪಿನ ಪಕ್ಕ ನಿಂತರು. ಊರಿನ ಬೇರೆ ಯಾವನಾದರೂ ಆ ಗುರುತು ಕಂಡಿದ್ದರೆ ದೂರ ಸರಿದು ಬದುಕುತ್ತಿದ್ದ. ಅದನ್ನು ಕಂಡು ಅದರ ಕಡೆಗೇ ಓಡಬಲ್ಲವನು ಲೋಕದಲ್ಲಿ ಒಬ್ಬನೇ, ಅದನ್ನು ನೆಡುವ ಹಕ್ಕಿದ್ದವನು.

"ಹಾಗಾದ್ರೆ ನೆಟ್ಟವನಿಗೆ ಕೊಲ್ಲೋ ಮನಸ್ಸಿರಲಿಲ್ಲ," ಎಂದ ಐಲ್ಕೊ.

"ಆದ್ರೆ ಅಲ್ಲಿ ಪೊಳ್ಳಾಗಿದೆ ಅಂತ ಬೆಳಗಾಗೋಕೆ ಮುಂಚೆ ಗೊತ್ತಿತ್ತು," ಎಂದಳು ಫ್ರೌಕೆ. "ತೂಬು ಎತ್ತಿದವನಿಗೆ ಬಿಟ್ರೆ ಅದು ಯಾರಿಗೂ ಗೊತ್ತಿರೋಕೆ ಸಾಧ್ಯ ಇಲ್ಲ. ಕೊಂಬೆ ಎಲ್ಲಿಂದ ಬಂತು ಅಂತ ಹುಡುಕಿದ್ರೆ ಆಸಾಮಿ ಸಿಕ್ಕ."

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಅವರು ಡೀಪಿನ ಪೂರ್ವದಂಡೆಯ ಮೇಲೆ ನಿಧಾನವಾಗಿ ಜೀಪು ಬಿಟ್ಟುಕೊಂಡು ಹೊರಟರು. ಊರೆಂದರೆ ಕಾಲುವೆಯ ಎರಡು ದಂಡೆಗೆ ಪೋಣಿಸಿದ ಎರಡು ಸಾಲು ಮನೆ, ಅಷ್ಟೇ. ನಾಲ್ಕು ಸೇತುವೆ ದಾಟುವಷ್ಟರಲ್ಲಿ ಐಲ್ಕೊ ಬ್ರೇಕು ಹಾಕಿದ. ಬಿಳಿ ಕಿಟಕಿಯ ಒಂದು ಮನೆಯ ಇಟ್ಟಿಗೆ ಗೋಡೆಗೆ ಮರಸೇಬಿನ ಗಿಡವನ್ನು ಅಂಗೈ ಬಿಡಿಸಿದ ಹಾಗೆ ಹರಡಿ ಕಟ್ಟಿದ್ದರು. ಕೊಂಬೆಕೊಂಬೆಗೂ ಕೆಂಪು ಉಣ್ಣೆಯ ದಾರ.

ಆ ಮನೆ ಸ್ವಾಂಚೆ ಬುರ್ಮಾಳದು. ಅರವತ್ತಾರು ವರ್ಷದ ವಿಧವೆ, ಶಾಲೆಯ ನಿವೃತ್ತ ಸಂಗೀತದ ಟೀಚರು. ಕಾಫಿ ಇಟ್ಟಳು, ಹೊಸವರ್ಷದ ಗರಿಗರಿ ಸುರುಳಿ ಬಿಲ್ಲೆಗಳ ಡಬ್ಬಿ ತೆರೆದಳು. ಕೊಂಬೆಯನ್ನು ಮೇಜಿನ ಮೇಲಿಟ್ಟಾಗ ಡಬ್ಬಿಯ ಮುಚ್ಚಳ ಹಾಕುವುದನ್ನು ಮರೆತಳು.

"ಇದು ನಿಮ್ಮ ಮರದ್ದಾ?"

"ನನ್ನ ದಾರಾನೇ. ಸ್ವೆಟರ್ ಹೆಣೆದು ಉಳಿದಿದ್ದು."

"ಮರ ಯಾರು ಸವರ್ತಾರೆ?"

ಸ್ವಾಂಚೆ ಈಗ ಡಬ್ಬಿಯ ಮುಚ್ಚಳ ಹಾಕಿದಳು. ಕಿಟಕಿಯ ಕಡೆ ನೋಡಿದಳು. ಡೀಪಿನ ಆಚೆ ದಂಡೆಯಲ್ಲಿ ಕಟ್ಟೆ ಕಾಯುವವನ ಗಿಡ್ಡ ಮನೆ, ಹಸಿರು ಬಾಗಿಲು.

"ಅಮ್ಮಾ, ಎಪ್ಪೊ ಇನ್ನೂ ಅಪಾಯದಿಂದ ಪಾರಾಗಿಲ್ಲ."

"ರೂಲ್ಫ್," ಎಂದಳು. "ಹನ್ನೆರಡು ವರ್ಷದಿಂದ ಪ್ರತಿ ಜನವರಿ ಅವನೇ. ಮಂಗಳವಾರ ಬಂದಿದ್ದ. ಸವರಿ, ಕಡಿದಿದ್ದನ್ನೆಲ್ಲ ಒಲೆಗಾಗುತ್ತೆ ಅಂತ ಹೊತ್ಕೊಂಡು ಹೋದ. ಒಂದು ಕಪ್ ಕಾಫಿ, ಒಂದು ಬಿಲ್ಲೆ. ಎರಡನೇ ಬಿಲ್ಲೆ ಕೊಟ್ರೆ ಬೇಡ ಅಂತಾನೆ. ಯಾವತ್ತೂ ಅಷ್ಟೇ."

"ಬುಧವಾರ ಸಭೆಗೆ ನೀವು ಹೋಗಿದ್ರಾ?"

"ಹೋಗಿದ್ದೆ. ಮೇಸ್ತ್ರಿ ಮೊದಲು ತನ್ನ ಜೊತೆಗಾರ್ತಿ ಹೆಸರು ಹೇಳ್ಬೇಕು, ಸವಾರಿ ಅವರಿಬ್ರಿಂದ ಶುರು. ಎಪ್ಪೊ ನನ್ನ ಹೆಸರು ಹೇಳ್ದ. ಜನ ಚಪ್ಪಾಳೆ ತಟ್ಟಿದ್ರು." ಅವಳು ಕಪ್ಪನ್ನು ತಿರುಗಿಸಿದಳು. "ಚಪ್ಪಾಳೆ ನಿಲ್ಲೋ ಹೊತ್ತಿಗೆ ರೂಲ್ಫ್‌ನ ಕುರ್ಚಿ ಖಾಲಿ ಇತ್ತು. ಏಳೂವರೆಯೋ ಏನೋ."

ಜೊತೆಗಾರ್ತಿ ಎಂದರೆ ಏನೆಂದು ಪೊಲೀಸರಿಬ್ಬರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹನ್ನೆರಡು ಸೇತುವೆ, ಪ್ರತಿ ಸೇತುವೆಯ ಕೆಳಗೆ ಜೋಡಿ ಒಂದು ಮುತ್ತು ಕೊಟ್ಟುಕೊಳ್ಳಬೇಕು. ಡೀಪ್ ತೋಡಿದ ಕಾಲದಿಂದ ಬಂದ ರೂಢಿ. ಜೌಗಿನಿಂದ ಅಗೆದು ಒಲೆಗೆ ಮಾರುತ್ತಿದ್ದ ಸುಡುಮಣ್ಣು ಹೇರಿದ ದೋಣಿಯಲ್ಲಿ ಗಂಡ ಚುಕ್ಕಾಣಿ ಹಿಡಿದರೆ ಹೆಂಡತಿ ಎದೆಗೆ ಪಟ್ಟಿ ಬಿಗಿದುಕೊಂಡು ದಂಡೆಯ ಮೇಲೆ ದೋಣಿ ಎಳೆಯುತ್ತಿದ್ದಳು. ಬೆಳಗಿನಿಂದ ಕತ್ತಲವರೆಗೆ ಅವನು ನೀರಲ್ಲಿ, ಅವಳು ನೆಲದಲ್ಲಿ. ಸೇತುವೆ ಬಂದಾಗ ಮಾತ್ರ ಹಗ್ಗ ಬಿಚ್ಚಲೇಬೇಕು. ದೋಣಿ ತನ್ನ ಓಟದಲ್ಲೇ ಕೆಳಗೆ ನುಸುಳುವಾಗ ಹೆಂಡತಿ ಅದರೊಳಗೆ ಹಾರಿಕೊಳ್ಳುತ್ತಿದ್ದಳು. ಅಷ್ಟೇ ಗಳಿಗೆ ಇಬ್ಬರೂ ಒಂದೇ ಕಡೆ. ಸುಡುಮಣ್ಣು ಮುಗಿದು ಆಲೂಗಡ್ಡೆ ದೋಣಿಗಳು ಬಂದವು, ಗಂಜಿ ಕಾರ್ಖಾನೆಯ ನಾರುವ ನೊರೆ ಬಂತು, ಲಾರಿಗಳು ಬಂದು ದೋಣಿಗಳೇ ಹೋದವು. ಈಗ ಬೇಸಿಗೆಯಲ್ಲಿ ಪ್ರವಾಸಿಗರ ಬಿಳಿ ದೋಣಿಗಳಿಗೆ ನಿವೃತ್ತರು ಸರದಿಯ ಮೇಲೆ ಸೇತುವೆ ಎತ್ತುತ್ತಾರೆ. ಮುತ್ತಿನ ಹಕ್ಕು ಮಾತ್ರ ಸ್ಕೇಟಿನವರಿಗೆ ಉಳಿದು ಬಂದಿದೆ, ಗಡ್ಡೆ ಕಟ್ಟಿದ ವರ್ಷಕ್ಕೆ ಮಾತ್ರ.

"ಹಿಂದಿನ ಸವಾರಿಯಲ್ಲಿ ನಿಮ್ಮ ಜೊತೆ ಇದ್ದಿದ್ದು?" ಎಂದು ಕೇಳಿದಳು ಫ್ರೌಕೆ.

"ರೂಲ್ಫ್. ನನ್ನ ಗಂಡ ತೀರಿಕೊಂಡ ಮುಂದಿನ ವರ್ಷ," ಎಂದಳು ಸ್ವಾಂಚೆ. ಮುಖ ಕೆಂಪಾಯಿತು. "ಹನ್ನೆರಡೂ ಸೇತುವೆ."

ಹನ್ನೊಂದು ಗಂಟೆಗೆ ಹಸಿರು ಬಾಗಿಲು ತಟ್ಟಿದರು. ರೂಲ್ಫ್ ಹೋವಿಂಗ್ ಬೂಟು ಹಾಕಿಕೊಂಡೇ ಕೂತಿದ್ದ. ಎಪ್ಪತ್ತು ವರ್ಷ, ಅಗಲ ಭುಜ, ಒಂದು ಮಾತಿಗೆ ಹತ್ತು ಸಲ ಗಂಟಲು ಸರಿಮಾಡಿಕೊಳ್ಳುವ ಮನುಷ್ಯ. ಅವನಪ್ಪ, ಅವನಜ್ಜ ಎಲ್ಲ ಇದೇ ಕಟ್ಟೆಯ ತೂಬು ತಿರುಗಿಸಿದವರು. ಒಲೆಯ ಪಕ್ಕ ಮರಸೇಬಿನ ಕೊಂಬೆಗಳ ಕಂತೆ ಇತ್ತು, ಅಲ್ಲಲ್ಲಿ ಕೆಂಪು ದಾರ.

"ಒಂದನ್ನೂ ಒಲೆಗೆ ಹಾಕಿಲ್ವಲ್ಲ," ಎಂದಳು ಫ್ರೌಕೆ.

"ಹಾಕಲ್ಲ," ಎಂದ ರೂಲ್ಫ್.

"ಹೋದ ವರ್ಷದ್ದು?"

"ಅಟ್ಟದಲ್ಲಿದೆ. ಎಲ್ಲ ವರ್ಷದ್ದೂ."

ಐಲ್ಕೊ ಮೇಲೆ ನೋಡಿದ. ಫ್ರೌಕೆ ನೋಡಲಿಲ್ಲ.

"ಬುಧವಾರ ಸಭೆಯಿಂದ ಎದ್ದು ಎಲ್ಲಿಗೆ ಹೋದ್ರಿ?"

"ಕಟ್ಟೆಗೆ."

"ಏನು ಮಾಡಿದ್ರಿ?"

"ಎರಡೂ ತೂಬು ಎತ್ತಿದೆ. ನೀರು ಇಳಿಯೋದನ್ನ ನೋಡ್ತಾ ಕೂತೆ. ಸಾಕು ಅನ್ನಿಸಿದಾಗ ಮುಚ್ಚಿದೆ." ಗಂಟಲು ಸರಿಮಾಡಿಕೊಂಡ. "ಎಪ್ಪೊ ಹೇಗಿದಾನೆ?"

"ಉತ್ತರ ಕೊಡೋದು ನಿಮ್ಮ ಸರದಿ. ಯಾಕೆ ಮಾಡಿದ್ರಿ?"

"ಬೆಳಿಗ್ಗೆ ಎಪ್ಪೊ ಕೊರೆದು ನೋಡ್ತಾನೆ, ಪೊಳ್ಳು ಅಂತ ಗೊತ್ತಾಗುತ್ತೆ, ಸವಾರಿ ನಿಲ್ಲಿಸ್ತಾನೆ. ಶನಿವಾರ ಮಳೆ. ಮುಗೀತು. ಯಾರಿಗೂ ಏನೂ ಆಗ್ತಿರಲಿಲ್ಲ. ಯಾವುದಾದ್ರೂ ಮಗು ಕತ್ತಲಲ್ಲೇ ಸ್ಕೇಟ್ ಹಾಕ್ಕೊಂಡು ಬಂದ್ರೆ ಅಂತ ಭಯ ಆಯ್ತು. ಅದಕ್ಕೇ ಏಳನೇ ಸೇತುವೆ ಹತ್ರ ಕೊಂಬೆ ನೆಟ್ಟೆ."

"ಕೊಂಬೆ ನೆಡೋದು ಮೇಸ್ತ್ರಿ ಹಕ್ಕು ಅಲ್ವಾ?"

ರೂಲ್ಫ್ ಅವಳನ್ನೇ ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ದೊಡ್ಡ ಅಂಗೈಗಳನ್ನು ಮೊಣಕಾಲ ಮೇಲೆ ಒತ್ತಿ ಹಿಡಿದ.

"ಕೀಳೋಕೆ ಹೋದ್ನಾ?"

"ಹೂಂ."

"ನಾನು ಬದುಕಿಸೋಕೆ ಅಂತ ನೆಟ್ಟಿದ್ದು," ಎಂದ ಅವನು. ಆ ವಾಕ್ಯವನ್ನೇ ಇನ್ನೆರಡು ಸಲ ಹೇಳಿದ.

ಫ್ರೌಕೆ ಕಾಯುತ್ತಿದ್ದಳು. ಇಂಥವರನ್ನು ಅವಸರಿಸಿದರೆ ಬಾಯಿ ಬೀಗ ಹಾಕಿಕೊಳ್ಳುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಹದಿಮೂರು ವರ್ಷ ಕಾದಿದ್ದೆ ಮೇಡಂ. ಪ್ರತಿ ಚಳಿಗೂ ರಾತ್ರಿ ಎದ್ದು ನೀರು ಮುಟ್ಟಿ ನೋಡ್ತಿದ್ದೆ, ಕಟ್ತಾ ಇದ್ಯಾ ಅಂತ. ಗಡ್ಡೆ ಮೇಲಾದ್ರೆ ಹಕ್ಕು ಇರುತ್ತೆ, ಏನೂ ಹೇಳ್ಬೇಕಾಗಿಲ್ಲ. ನೆಲದ ಮೇಲೆ ಏನು ಅಂತ ಹೇಳ್ಲಿ ಅವಳಿಗೆ? ಈ ಸಲ ಕಟ್ತು. ನಾಳೆ ಕೇಳ್ತೀನಿ, ನಾಡಿದ್ದು ಕೇಳ್ತೀನಿ ಅಂತ ಇದ್ದೆ. ಮರ ಸವರೋಕೆ ಹೋದಾಗ ಕೇಳೇಬಿಡೋಣ ಅಂತ ಹೋಗಿದ್ದೆ. ಬಿಲ್ಲೆ ತಿಂದು ಬಂದೆ." ಅವನು ಒಲೆಯ ಪಕ್ಕದ ಕಂತೆಯ ಕಡೆ ನೋಡಿದ. "ಬುಧವಾರ ಎಪ್ಪೊ ಅವಳ ಹೆಸರು ಹೇಳಿದಾಗ ಇಲ್ಲಿ, ಎದೆಯೊಳಗೆ, ಕೆಂಡ ಇಟ್ಟ ಹಾಗೆ ಆಯ್ತು. ಒಂದೊಂದು ಸೇತುವೆನೂ ಕಣ್ಣ ಮುಂದೆ ಬಂತು. ಹನ್ನೆರಡೂ ಅವನಿಗೆ. ಗಡ್ಡೆನೇ ಬೇಡ, ಇನ್ನೂ ಹದಿಮೂರು ವರ್ಷ ಬೇಕಾದ್ರೆ ಕಾಯ್ತೀನಿ, ಅವನಿಗೆ ಮಾತ್ರ ಬೇಡ ಅನ್ನಿಸ್ತು."

ಹನ್ನೊಂದು ನಲವತ್ತಕ್ಕೆ ದಸ್ತಗಿರಿ. ಕೈಕೋಳ ಹಾಕಲಿಲ್ಲ. ಒಲೆಯ ಬೆಂಕಿ ತಗ್ಗಿಸಿ, ತೂಬಿನ ಕೀಲಿಕೈಯನ್ನು ತಾನೇ ಮೊಳೆಯಿಂದ ತೆಗೆದು ಐಲ್ಕೊಗೆ ಕೊಟ್ಟ. ಜೀಪಿನಲ್ಲಿ ಕೂರುವಾಗ ಆಚೆ ದಂಡೆಯ ಕಡೆ ಕತ್ತು ತಿರುಗಿಸಲಿಲ್ಲ.

ಅವನನ್ನು ಒಳಗೆ ಕೂರಿಸಿ ಬಂದ ಮೇಲೆ ಫ್ರೌಕೆ ಅಂಗಳದಲ್ಲಿ ಜೀಪಿಗೆ ಒರಗಿ ನಿಂತಳು.

"ಐಲ್ಕೊ, ಆ ನಗರದ ಹುದ್ದೆಗೆ ನಾನೂ ಅರ್ಜಿ ಹಾಕಿದ್ದೆ."

"ಗೊತ್ತು ಮೇಡಂ."

"ನಿನ್ನ ಮೇಲೆ ಹೊಟ್ಟೆ ಉರೀತಿದೆ ನಂಗೆ. ಸೋಮವಾರದಿಂದ."

"ಅದೂ ಗೊತ್ತು ಮೇಡಂ. ಇಡೀ ಠಾಣೆಗೆ ಗೊತ್ತು."

ಅವಳಿಗೆ ನಗು ಬಂತು. "ಅಭಿನಂದನೆ, ಹಾಳಾಗಿ ಹೋಗು," ಎಂದು ಕೈ ನೀಡಿದಳು. ಉರಿ ಪೂರ್ತಿ ಆರಲಿಲ್ಲ, ಆದರೆ ಹೇಳಿಕೊಂಡ ಮೇಲೆ ಹೊಗೆ ಕಡಿಮೆಯಾಯಿತು.

ಶನಿವಾರ ಬೆಳಗಿನಿಂದಲೇ ಮಳೆ. ಎಪ್ಪೊ ಅಪಾಯದಿಂದ ಪಾರಾದನೆಂದು ಒಂಬತ್ತಕ್ಕೆ ಆಸ್ಪತ್ರೆಯಿಂದ ಫೋನು ಬಂತು. ಎಡಗಾಲಿನ ಮೂರು ಬೆರಳು ಹೋದವು, ಇನ್ನು ಸ್ಕೇಟ್ ಕಷ್ಟ. ಕಲಮು ಬದಲಾಗಲಿಲ್ಲ. ಸೋಮವಾರ ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲು ಫ್ರೌಕೆ ಕಾಗದ ಸಿದ್ಧಮಾಡುತ್ತಿದ್ದಾಗ ಸ್ವಾಂಚೆ ಒದ್ದೆ ಛತ್ರಿ ಹಿಡಿದು ಬಂದಳು. ಕೈಯಲ್ಲಿ ಒಂದು ಜೊತೆ ಉಣ್ಣೆಯ ಕಾಲುಚೀಲ.

"ಅವನಿಗೆ ಕೊಡಿ. ಒಳಗೆ ಥಂಡಿ ಇರುತ್ತೆ." ಕೂತಳು. ಛತ್ರಿಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ನಾನು ನಿಮಗೆ ನಿನ್ನೆ ಒಂದು ಹೇಳ್ಲಿಲ್ಲ."

"ಹೇಳಿ."

"ನನಗೆ ಎಪ್ಪೊ ಬೇಕಾಗಿರಲಿಲ್ಲ. ಗಡ್ಡೆ ಕಟ್ಟಿದ ದಿನದಿಂದ ನಾನೂ ಕಿಟಕಿ ಹತ್ರ ಕೂತಿದ್ದೆ, ರೂಲ್ಫ್ ಬಂದು ಕೇಳ್ತಾನೆ ಅಂತ. ಮಂಗಳವಾರ ಬಂದ. ಮರ ಸವರಿದ. ಹೋದ. ಅವತ್ತೇ ಸಂಜೆ ಎಪ್ಪೊ ಕೇಳಿದ, ಹೂಂ ಅಂದುಬಿಟ್ಟೆ. ರೂಲ್ಫ್‌ಗೆ ಹೊಟ್ಟೆ ಉರೀಲಿ ಅಂತಾನೇ. ಉರಿ ತಡೆಯಕ್ಕಾಗದೆ ಬಾಯಿ ತೆರೀತಾನೆ ಅಂದ್ಕೊಂಡೆ." ಸ್ವಾಂಚೆ ಕಾಲುಚೀಲವನ್ನು ಮಡಚಿದಳು, ಬಿಡಿಸಿದಳು. "ಅವನು ಬಾಯಿ ತೆರೀಲಿಲ್ಲ. ತೂಬು ತೆರೆದ."

ಫ್ರೌಕೆ ಪೆನ್ನನ್ನು ಮೇಜಿನ ಮೇಲಿಟ್ಟಳು.

"ಇದನ್ನೂ ಬರ್ಕೋಬೇಕಾ?"

"ಇದಕ್ಕೆ ಕಲಮು ಇಲ್ಲಮ್ಮ," ಎಂದಳು ಫ್ರೌಕೆ.

"ನನ್ನನ್ನ ನೋಡ್ಬೇಕು ಅಂತ ಕೇಳಿದ್ನಾ?"

"ಇಲ್ಲ. ಏನೂ ಕೇಳಿಲ್ಲ. ನಿನ್ನೆಯಿಂದ ಗೋಡೆ ನೋಡ್ತಾ ಕೂತಿದಾರೆ."

"ಕೇಳಲ್ಲ ಅವನು. ಸಾಯೋತನಕ ಕೇಳಲ್ಲ." ಸ್ವಾಂಚೆ ಎದ್ದಳು. ಒದ್ದೆ ಕೂದಲನ್ನು ಅಂಗೈಯಿಂದ ಸವರಿ ಸರಿಮಾಡಿಕೊಂಡಳು, ಕೋಟಿನ ಗುಂಡಿ ಹಾಕಿಕೊಂಡಳು. "ಬಾಗಿಲು ತೆಗೀರಿ ಮೇಡಂ. ನಾನೇ ಕೇಳ್ತೀನಿ."

ಫ್ರೌಕೆ ಬೀಗದ ಕೈ ತೆಗೆದುಕೊಂಡು ಅವಳ ಮುಂದೆ ನಡೆದಳು.